ಪಾಚಿಗೆ ಮದ್ದು ಕೇಳೋರು ಮೊದಲು ತಿಪ್ಪೆ ತೋರಿಸಿ

ಉಪ್ಪುನೀರಿನ ಫಿಶ್ ಟ್ಯಾಂಕ್ ಇಟ್ಟವರು ನನ್ನನ್ನು ಕೇಳೋ ಪ್ರಶ್ನೆ ಒಂದೇ. 'ಪಾಚಿ ಬಂದುಬಿಟ್ಟಿದೆ, ಏನ್ ಹಾಕೋದು?' ಜೊತೆಗೊಂದು ಫೋಟೋ ಕಳಿಸಿರ್ತಾರೆ. ಕಲ್ಲಿನ ಮೇಲೆ ಹಸಿರು ಕೂದಲು, ಮರಳಿನ ಮೇಲೆ ಕೆಂಪು ಕೆನೆ, ಗಾಜಿನ ಮೇಲೆ ಕಂದು ಧೂಳು, ನಡುವೆ ಹೊಟ್ಟೆ ಉಬ್ಬಿಸಿಕೊಂಡು ಓಡಾಡ್ತಿರೋ ಎರಡು ನೀಮೋ. ನಾನು ಕೊಡೋ ಉತ್ತರವೂ ಒಂದೇ. ಏನೂ ಹಾಕಬೇಡಿ ಸ್ವಾಮಿ, ಈಗ ಹಾಕ್ತಿರೋದನ್ನ ಕಮ್ಮಿ ಮಾಡಿ.

ಈ ಉತ್ತರ ಯಾರಿಗೂ ಇಷ್ಟ ಆಗಲ್ಲ. ಲೈಟು ಸರಿಯಿಲ್ಲವೇನೋ, ಉಪ್ಪಿನ ಬ್ರ್ಯಾಂಡ್ ಸರಿಯಿಲ್ಲವೇನೋ, ಬೆಂಗಳೂರಿನ ನೀರೇ ಹಂಗೇನೋ ಅಂತ ಹತ್ತು ಕಾರಣ ಕೊಡ್ತಾರೆ. ಮೀನಿಗೆ ಊಟ ಹಾಕೋ ಕೈಯ ಮೇಲೆ ಮಾತ್ರ ಯಾರಿಗೂ ಅನುಮಾನ ಇಲ್ಲ. ಇದು ನನಗೆ ಸಿಟ್ಟು ತರಿಸೋ ವಿಷಯ. ಸುಮ್ಮನೆ ಬರೋ ಸಿಟ್ಟಲ್ಲ, ಕಾರಣ ಹೇಳ್ತೀನಿ.

ನಾನು ಹುಟ್ಟಿ ಬೆಳೆದದ್ದು ಭದ್ರಾ ನಾಲೆಯ ಕೆಳಗಿನ ಒಂದು ಹಳ್ಳಿಯಲ್ಲಿ. ಮನೆ ಪಕ್ಕದಲ್ಲೇ ಕೊಟ್ಟಿಗೆ, ಅದರ ಹಿಂದೆ ತಿಪ್ಪೆ. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಸಗಣಿ ಬಾಚೋದು. ಎಷ್ಟು ಮೇವು ಹಾಕಿದ್ರೆ ಎಷ್ಟು ಸಗಣಿ ಬರುತ್ತೆ ಅನ್ನೋದು ನಮ್ಮೂರಿನ ಎಂಟು ವರ್ಷದ ಹುಡುಗನಿಗೂ ಗೊತ್ತು, ಯಾಕಂದ್ರೆ ಮಂಕರಿ ಅವನ ತಲೆ ಮೇಲೇ ಬರೋದು. ಸಗಣಿ ತಿಪ್ಪೆಗೆ ಹೋಗಬೇಕು, ತಿಪ್ಪೆ ಗದ್ದೆಗೆ ಹೋಗಬೇಕು, ಗದ್ದೆಯಲ್ಲಿ ಬೆಳೆ ಬರಬೇಕು. ಗೊಬ್ಬರ ಹಾಕಿ 'ಅಯ್ಯೋ ಬೆಳೆ ಬಂದುಬಿಡ್ತಲ್ಲಪ್ಪ, ಇದಕ್ಕೇನು ಔಷಧಿ' ಅಂತ ಅಳೋ ರೈತನನ್ನ ನಾನು ನೋಡಿಲ್ಲ. ಬೆಂಗಳೂರಿಗೆ ಬಂದಮೇಲೆ ಅಂಥವರನ್ನ ವಾರಕ್ಕೊಬ್ಬರಂತೆ ನೋಡ್ತಾ ಇದ್ದೀನಿ. ಎಲ್ಲರೂ ಡಿಗ್ರಿ ಓದಿದವರು.

ನಿಮ್ಮ ಟ್ಯಾಂಕ್ ಒಂದು ಕೊಟ್ಟಿಗೆ. ಆದರೆ ಬಾಗಿಲಿಲ್ಲದ ಕೊಟ್ಟಿಗೆ. ಮೇವು ಹಾಕೋಕೆ ಮೇಲಿಂದ ಒಂದು ಕಿಂಡಿ ಇದೆ, ಸಗಣಿ ಹೊರಗೆ ಹಾಕೋಕೆ ದಾರಿ ಇಲ್ಲ. ಫಿಲ್ಟರ್ ಇದೆಯಲ್ಲ ಅಂತೀರಾ? ಫಿಲ್ಟರಿನಲ್ಲಿರೋ ಬ್ಯಾಕ್ಟೀರಿಯಾ ಮಾಡೋ ಕೆಲಸ ನಮ್ಮ ತಿಪ್ಪೆ ಮಾಡೋ ಕೆಲಸವೇ. ಮೀನಿನ ಕಿವಿರಿನಿಂದ ಬರೋ ಅಮೋನಿಯಾನ ನೈಟ್ರೈಟ್ ಮಾಡಿ, ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ವಿಷವನ್ನ ಗೊಬ್ಬರ ಮಾಡುತ್ತೆ ಅಷ್ಟೇ. ಗೊಬ್ಬರ ಅಲ್ಲೇ ನೀರಲ್ಲೇ ಇರುತ್ತೆ. ಮೇಲೆ ಹತ್ತು ಗಂಟೆ ಲೈಟು ಉರೀತಿದೆ. ನೀರಿದೆ, ಬೆಳಕಿದೆ, ಗೊಬ್ಬರ ಇದೆ. ಅಲ್ಲಿ ಪಾಚಿ ಬೆಳೀದೆ ಮತ್ತೇನು ಬೆಳೀಬೇಕು?

ಲೆಕ್ಕ ಇಲ್ಲದೆ ಮಾತಾಡಿದ್ರೆ ಇಂಜಿನಿಯರುಗಳು ನಂಬಲ್ಲ, ಅದಕ್ಕೆ ಲೆಕ್ಕವನ್ನೇ ಹಾಕೋಣ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಮುಕ್ಕಾಲು ಅಡಿ ಎತ್ತರದ ಟ್ಯಾಂಕ್ ತಗೊಳ್ಳಿ. ಸುಮಾರು 300 ಲೀಟರ್. ಮೀನಿನ ಒಣ ಆಹಾರದಲ್ಲಿ, ಅಂದ್ರೆ ಪೆಲೆಟ್ ಡಬ್ಬಿಯಲ್ಲಿ, ಪ್ರೋಟೀನು ಶೇ. 45ರ ಹತ್ತಿರ ಇರುತ್ತೆ, ಡಬ್ಬಿ ಹಿಂದೆಯೇ ಬರೆದಿರ್ತಾರೆ. ಪ್ರೋಟೀನಿನಲ್ಲಿ ಶೇ. 16 ಸಾರಜನಕ. ಹಾಗಾದ್ರೆ ಒಂದು ಗ್ರಾಂ ಪೆಲೆಟ್ ಅಂದ್ರೆ ಸುಮಾರು 72 ಮಿಲಿಗ್ರಾಂ ಸಾರಜನಕ. ಅದೆಲ್ಲ ನೈಟ್ರೇಟ್ ಆದ್ರೆ 320 ಮಿಲಿಗ್ರಾಂ ಹತ್ತಿರ ಬರುತ್ತೆ. 300 ಲೀಟರಿಗೆ ಹಂಚಿದ್ರೆ ಲೀಟರಿಗೆ ಒಂದು ಮಿಲಿಗ್ರಾಂ ಚಿಲ್ಲರೆ. ಇನ್ನು ರಂಜಕ. ಆಹಾರದಲ್ಲಿ ಶೇ. 1 ಅಂತ ಹಿಡೀರಿ. ಒಂದು ಗ್ರಾಮಿಗೆ 10 ಮಿಲಿಗ್ರಾಂ ರಂಜಕ, ಫಾಸ್ಫೇಟ್ ಲೆಕ್ಕದಲ್ಲಿ 30 ಮಿಲಿಗ್ರಾಂ, ಲೀಟರಿಗೆ 0.1 ಮಿಲಿಗ್ರಾಂ. ಉಪ್ಪುನೀರಿನ ಟ್ಯಾಂಕ್ ಇಡೋರು ಫಾಸ್ಫೇಟ್ 0.03ರಿಂದ 0.1ರ ಒಳಗೆ ಇರಲಿ ಅಂತ ಒದ್ದಾಡ್ತಾರೆ. ಅವರ ಇಡೀ ಮಿತಿ ಒಂದು ಗ್ರಾಂ ಪೆಲೆಟ್ಟಿನಲ್ಲಿದೆ! ಒಂದು ಟೀ ಚಮಚ ಪೆಲೆಟ್ ಎರಡು ಗ್ರಾಂ ದಾಟುತ್ತೆ. ಸಣ್ಣ ಡಿಜಿಟಲ್ ತಕ್ಕಡಿ ಆನ್‌ಲೈನಲ್ಲಿ ಸಿಗುತ್ತೆ, ಬೇಕಾದ್ರೆ ತೂಗಿ ನೋಡಿ.

'ಹಾಕಿದ್ದೆಲ್ಲ ಮೀನು ತಿಂದು ಮುಗಿಸುತ್ತೆ, ಒಂದು ಕಾಳೂ ಕೆಳಗೆ ಬೀಳಲ್ಲ' ಅನ್ನೋರಿದ್ದಾರೆ. ಇದೊಂದು ದೊಡ್ಡ ಮೂಢನಂಬಿಕೆ. ಹಸು ಹುಲ್ಲೆಲ್ಲ ತಿಂದು ಮುಗಿಸಿತು ಅಂದ್ರೆ ಸಗಣಿ ಬರಲ್ವಾ? ಬೆಳೆದು ನಿಂತ ಮೀನು ತಿಂದದ್ದರಲ್ಲಿ ಬಹುಪಾಲು ಮೈಗೆ ಹತ್ತಿಸಿಕೊಳ್ಳಲ್ಲ, ವಾಪಸ್ ನೀರಿಗೇ ಬಿಡುತ್ತೆ. ತಳದಲ್ಲಿ ಕೊಳೆತರೂ ಗೊಬ್ಬರವೇ, ಹೊಟ್ಟೆಯಲ್ಲಿ ಕರಗಿದ್ರೂ ಗೊಬ್ಬರವೇ. ಡಬ್ಬಿ ಮೇಲೆ 'ಎರಡು ನಿಮಿಷದಲ್ಲಿ ತಿನ್ನುವಷ್ಟು, ದಿನಕ್ಕೆ ಮೂರು ಸಲ' ಅಂತ ಬರೆದಿರ್ತಾರಲ್ಲ, ಅದನ್ನ ಬರೆದವರು ಯಾರು ಅಂತ ಒಂದು ಸಲ ಯೋಚಿಸಿ. ಆಹಾರ ಮಾರೋರು. ಎರಡು ನಿಮಿಷದಲ್ಲಿ ಒಂದು ಕ್ಲೌನ್ ಮೀನು ಎಷ್ಟು ನುಂಗಬಲ್ಲದು ಅಂತ ನೋಡಿದ್ರೆ ನೀವೇ ದಂಗಾಗ್ತೀರಿ.

ಲೆಕ್ಕದ ಇನ್ನೊಂದು ಭಾಗ ಇದಕ್ಕಿಂತ ಭಯಂಕರ. ವಾರಕ್ಕೊಮ್ಮೆ ಶೇ. 10 ನೀರು ಬದಲಾಯಿಸ್ತೀನಿ ಅಂತ ಎದೆ ತಟ್ಟಿಕೊಳ್ಳೋರಿದ್ದಾರೆ. ಒಳ್ಳೇದೇ. ಆದರೆ ಶೇ. 10 ನೀರು ತೆಗೆದ್ರೆ ನೈಟ್ರೇಟಿನಲ್ಲೂ ಶೇ. 10 ಮಾತ್ರ ಹೋಗೋದು. ದಿನಕ್ಕೆ ಒಂದು ಗ್ರಾಂ ಹಾಕಿದ್ರೆ ವಾರಕ್ಕೆ 7 ಏರುತ್ತೆ. ಬೇರೆ ಯಾವ ದಾರಿಯಿಂದಲೂ ಹೊರಗೆ ಹೋಗದಿದ್ರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ? ಬರೋದು, ಹೋಗೋದು ಸಮ ಆಗೋವರೆಗೆ. 70ರ ಶೇ. 10 ಅಂದ್ರೆ 7. ಅಂದ್ರೆ 70ಕ್ಕೆ ಹೋಗಿ ನಿಲ್ಲುತ್ತೆ. ದಿನಕ್ಕೆ ಎರಡು ಗ್ರಾಂ ಹಾಕಿದ್ರೆ 140. ಬಕೆಟ್ ಹೊತ್ತು ಸೊಂಟ ಮುರ್ಕೊಂಡ್ರೂ ಅಷ್ಟೇ. ಕೈಯನ್ನ ಅರ್ಧ ಮಾಡಿದ್ರೆ ಒಂದು ಪೈಸೆ ಖರ್ಚಿಲ್ಲದೆ ಅದೂ ಅರ್ಧ ಆಗುತ್ತೆ.

ಇಲ್ಲಿ ಟೆಸ್ಟ್ ಕಿಟ್ ಇಟ್ಟವರು ಎದ್ದು ನಿಲ್ತಾರೆ. 'ನಮ್ಮ ಟ್ಯಾಂಕಲ್ಲಿ ಫಾಸ್ಫೇಟ್ ಸೊನ್ನೆ ತೋರಿಸ್ತಿದೆ, ಆದ್ರೂ ಪಾಚಿ ಇದೆಯಲ್ಲ?' ಅಂತ. ಸೊನ್ನೆ ತೋರಿಸದೆ ಮತ್ತೇನು? ಅದನ್ನೆಲ್ಲ ಪಾಚಿ ತಿಂದು ಕೂತಿದೆ. ತಿಂಗಳ ಕೊನೆಗೆ ನಿಮ್ಮ ಬ್ಯಾಂಕ್ ಖಾತೆ ಸೊನ್ನೆ ಇದೆ ಅಂದ ಮಾತ್ರಕ್ಕೆ ಸಂಬಳವೇ ಬಂದಿಲ್ಲ ಅಂತ ಅರ್ಥವಾ? ನೀರಲ್ಲಿ ಎಷ್ಟಿದೆ ಅನ್ನೋದು ಉಳಿತಾಯ. ಕಲ್ಲಿನ ಮೇಲೆ ಎಷ್ಟು ಬೆಳೆದಿದೆ ಅನ್ನೋದು ಖರ್ಚು. ಎರಡನ್ನೂ ಕೂಡಿದ್ರೆ ತಾನೇ ಸಂಬಳ ಗೊತ್ತಾಗೋದು.

ಇನ್ನು ಅಂಗಡಿಗೆ ಬರೋಣ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಡೆದ ಮಾತುಕತೆ ಇದು. ಅಂಗಡಿ ಹುಡುಗ ಒಂದು ನೀಲಿ ಬಾಟ್ಲಿ ತೆಗೆದು ಮುಂದೆ ಇಟ್ಟ.

'ಸಾರ್, ಇದು ಎರಡು ಮುಚ್ಚಳ ಹಾಕಿ. ಮೂರೇ ದಿನ, ಪಾಚಿ ಕ್ಲೀನ್.'

'ಮೂರು ದಿನ ಆದಮೇಲೆ ಪಾಚಿ ಎಲ್ಲಿಗೆ ಹೋಗುತ್ತೆ ಗುರು?'

'ಸತ್ತೋಗತ್ತೆ ಸಾರ್.'

'ಸತ್ತದ್ದು ಎಲ್ಲಿಗೆ ಹೋಗುತ್ತೆ?'

ಹುಡುಗ ತಲೆ ಕೆರೆದುಕೊಂಡ. ಆಮೇಲೆ ಇನ್ನೊಂದು ಬಾಟ್ಲಿ ತೆಗೆದ. 'ಅದಕ್ಕೆ ಇದಿದೆ ಸಾರ್, ಬ್ಯಾಕ್ಟೀರಿಯಾ.'

ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನು ಓನರ್ ಹೇಳಿಕೊಟ್ಟಿದ್ದನ್ನ ಹೇಳ್ತಾನೆ. ಆದರೆ ಆ ಮೂರು ದಿನದಲ್ಲಿ ನಡೆಯೋದೇನು ಅಂತ ಬಾಟ್ಲಿ ಮೇಲೆ ದೊಡ್ಡ ಅಕ್ಷರದಲ್ಲಿ ಬರೀಬೇಕು. ಸತ್ತ ಪಾಚಿ ಕೊಳೆಯುತ್ತೆ. ಕೊಳೆಯೋಕೆ ಆಮ್ಲಜನಕ ಬೇಕು. 25 ಡಿಗ್ರಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತೆ, ಅದೇ ಬಿಸಿಯ ಸಮುದ್ರದ ನೀರು ಹಿಡಿಯೋದು 6.7ರ ಹತ್ತಿರ ಮಾತ್ರ. ಅಂದ್ರೆ ಉಪ್ಪುನೀರಿನ ಮೀನು ಮೊದಲೇ ಇಕ್ಕಟ್ಟಿನಲ್ಲಿ ಉಸಿರಾಡ್ತಿರುತ್ತೆ. ಅದರಲ್ಲೂ ನಿಮ್ಮ ಸತ್ತ ಪಾಚಿ ಪಾಲು ಕೇಳುತ್ತೆ. ರಾತ್ರಿ ಲೈಟ್ ಆರಿಸಿದ ಮೇಲೆ ಆಮ್ಲಜನಕ ಇನ್ನೂ ಇಳಿಯುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಮೀನು ಮಗುಚಿಕೊಂಡಿದೆ. ಬದುಕುಳಿದ್ರೂ, ಪಾಚಿಯೊಳಗಿದ್ದ ನೈಟ್ರೇಟು, ಫಾಸ್ಫೇಟು ಎಲ್ಲ ವಾಪಸ್ ನೀರಿಗೆ ಬಂತು, ಹೊಸ ಪಾಚಿಗೆ ಗೊಬ್ಬರ ರೆಡಿ. ಮೆಮೊರಿ ಲೀಕ್ ಇರೋ ಪ್ರೋಗ್ರಾಮನ್ನ ಸರಿ ಮಾಡದೆ ದಿನಾ ರಾತ್ರಿ ಸರ್ವರ್ ರಿಸ್ಟಾರ್ಟ್ ಮಾಡೋರು ನಮ್ಮಲ್ಲೂ ಇದ್ದಾರೆ. ಅವರಿಗೆ ಕೊನೇಪಕ್ಷ ನಾಚಿಕೆಯಾದ್ರೂ ಇರುತ್ತೆ.

ತಾಮ್ರ ಇರೋ ಪಾಚಿನಾಶಕ ಹಾಕಿದ್ರೆ ಬಸವನಹುಳು, ಸೀಗಡಿ, ಏಡಿ ಒಂದೂ ಉಳಿಯಲ್ಲ. ಇದಕ್ಕಿಂತ ಮುಂದೆ ಹೋದವರು ನೇರ ಮೆಡಿಕಲ್ ಶಾಪಿಗೇ ಹೋಗ್ತಾರೆ. ಕೂದಲು ಪಾಚಿಯ ಒಂದು ಜಾತಿಗೆ ಮನುಷ್ಯರಿಗೆ ಕೊಡೋ ಫಂಗಸ್ ಮಾತ್ರೆ ಫ್ಲುಕೊನಜೋಲ್ ಹಾಕೋದು. ಕೆಂಪು ಕೆನೆಗೆ ಎರಿತ್ರೊಮೈಸಿನ್ ಪುಡಿ ಮಾಡಿ ಸುರಿಯೋದು. ಆ ಕೆಂಪು ಕೆನೆ ಪಾಚಿಯೇ ಅಲ್ಲ, ಸಯಾನೊಬ್ಯಾಕ್ಟೀರಿಯಾ, ಅದಕ್ಕೇ ಆಂಟಿಬಯೋಟಿಕ್‌ಗೆ ಸಾಯುತ್ತೆ. ಆದ್ರೆ ನಿಮ್ಮ ಫಿಲ್ಟರಿನಲ್ಲಿ ಇರೋದೂ ಬ್ಯಾಕ್ಟೀರಿಯಾ ತಾನೇ? ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆಯನ್ನ 300 ಲೀಟರ್ ನೀರಿಗೆ ಕಲಸಿ, ಮುಂದಿನ ಭಾನುವಾರ ಆ ನೀರನ್ನ ಬಾತ್‌ರೂಮಿನ ಮೋರಿಗೆ ಬಿಡೋರು, ಸಂಜೆ ಕೂತು ಬೆಳ್ಳಂದೂರು ಕೆರೆಯ ನೊರೆ ಬಗ್ಗೆ ಸರ್ಕಾರಕ್ಕೆ ಬೈದು ಪೋಸ್ಟ್ ಹಾಕ್ತಾರೆ.

ಕೆರೆ ಅಂದೆನಲ್ಲ, ಅದು ಸುಮ್ಮನೆ ಬಂದ ಮಾತಲ್ಲ. ಕೆರೆಗೂ ಟ್ಯಾಂಕಿಗೂ ಕಾಯಿಲೆ ಒಂದೇ, ಗಾತ್ರ ಬೇರೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆ ಅಂತಲೇ ಬಿಟ್ಟ ಕೆರೆಗಳಿವೆ. ಅದರಲ್ಲಿ 226ನೇ ನಂಬರಿನ ಕೆರೆ ನಡುವೆ ಕಿರಿದಾಗಿದೆ, ಎಂಟರ ಆಕಾರ ಅನ್ನಿ. 1973ರಲ್ಲಿ ಡೇವಿಡ್ ಶಿಂಡ್ಲರ್ ಅನ್ನೋ ವಿಜ್ಞಾನಿ ಮತ್ತವರ ಜೊತೆಯವರು ಆ ಕಿರಿದಾದ ಜಾಗದಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ ಕೆರೆಯನ್ನ ಎರಡು ಭಾಗ ಮಾಡಿದ್ರು. ಒಂದು ಕಡೆಗೆ ಇಂಗಾಲ, ಸಾರಜನಕ ಹಾಕಿದ್ರು. ಇನ್ನೊಂದು ಕಡೆಗೆ ಅವೆರಡರ ಜೊತೆ ರಂಜಕವನ್ನೂ ಹಾಕಿದ್ರು. ರಂಜಕ ಬಿದ್ದ ಕಡೆ ನೀರು ಹಸಿರು ಪಾಚಿಯಿಂದ ತುಂಬಿಹೋಯ್ತು, ಇನ್ನೊಂದು ಕಡೆ ಇಲ್ಲ. ವಿಮಾನದಿಂದ ತೆಗೆದ ಆ ಫೋಟೋ ಲೋಕಪ್ರಸಿದ್ಧ. ಆ ಕಾಲದಲ್ಲಿ ಸಾಬೂನುಪುಡಿ ಕಂಪನಿಗಳ ಕಡೆಯವರು 'ನಮ್ಮ ಪುಡಿಯ ಫಾಸ್ಫೇಟ್ ಕಾರಣ ಅಲ್ಲ, ಇಂಗಾಲ ಕಾರಣ' ಅಂತ ವಾದ ಮಾಡ್ತಿದ್ರು. ಫೋಟೋ ಬಂದಮೇಲೆ ಆ ವಾದಕ್ಕೆ ಬಲ ಉಳೀಲಿಲ್ಲ. ಅದು ಸಿಹಿನೀರಿನ ಕಥೆ, ಸಮುದ್ರದಲ್ಲಿ ಸಾರಜನಕದ ಕೈವಾಡ ಜಾಸ್ತಿ ಅಂತ ಬಲ್ಲವರು ತಕರಾರು ತೆಗೀಬಹುದು. ಸರಿ, ಒಪ್ಪಿದೆ. ಆದ್ರೆ ನಿಮ್ಮ ಟ್ಯಾಂಕಿನಲ್ಲಿ ಎರಡೂ ಒಂದೇ ಚಮಚದಿಂದ ಬೀಳ್ತಿವೆಯಲ್ಲ!

ಬಾಟ್ಲಿ ಬೇಡ ಅಂದ್ರೆ ಅಂಗಡಿಯವರು ಮುಂದಿನ ಅಸ್ತ್ರ ತೆಗೀತಾರೆ. 'ಕ್ಲೀನಿಂಗ್ ಟೀಮ್ ಹಾಕಿ ಸಾರ್.' ಹತ್ತು ಬಸವನಹುಳು, ಹತ್ತು ಸನ್ಯಾಸಿ ಏಡಿ, ಒಂದು ಟ್ಯಾಂಗ್ ಮೀನು. ಬಸವನಹುಳು ಪಾಚಿ ತಿನ್ನುತ್ತೆ, ನಿಜ. ತಿಂದು ಏನ್ ಮಾಡುತ್ತೆ? ಹಿಂದಿನಿಂದ ಬಿಡುತ್ತೆ. ಅದು ಫಾಸ್ಫೇಟನ್ನ ಆಕಾಶಕ್ಕೆ ಹಾರಿಸಲ್ಲ. ಹೊಲ ಕಳೆ ಕಟ್ಟಿದೆ ಅಂತ ಎಮ್ಮೆ ಬಿಟ್ಟ ಹಾಗೆ ಇದು, ಕಳೆ ಹೋಗಿ ಸಗಣಿ ಬಂತು. ಸಣ್ಣ ಪ್ರಮಾಣದಲ್ಲಿ ಇವು ಬೇಕು, ಗಾಜು ಚೊಕ್ಕಟ ಇಡ್ತವೆ. ಆದ್ರೆ ಪಾಚಿ ಮುಗಿದ ದಿನ ಆ ಹತ್ತು ಹುಳುಗಳಿಗೆ ಊಟ ಎಲ್ಲಿದೆ? ಉಪವಾಸ ಸಾಯ್ತವೆ. ಚಿಪ್ಪಿನೊಳಗೆ ಕೊಳೀತವೆ. ಜೀವವನ್ನ ಪೊರಕೆ ಥರ ಕೊಂಡು ತರೋದು ನನಗೆ ಸರಿ ಕಾಣಲ್ಲ. ಅದೂ ಆ ಟ್ಯಾಂಗ್ ಬೆಳೆದ್ರೆ ನಾಲ್ಕಡಿ ಟ್ಯಾಂಕು ಅದಕ್ಕೆ ಸಾಲದು.

ಹಾಗಾದ್ರೆ ನಾವು ಯಾಕಿಷ್ಟು ಹಾಕ್ತೀವಿ? ಇದಕ್ಕೆ ಅಂಗಡಿಯವರನ್ನ ಮಾತ್ರ ಬಯ್ಯೋದು ಅನ್ಯಾಯ. ನಮ್ಮ ಸಂಸ್ಕಾರವೇ ಹಾಗಿದೆ. ಊಟಕ್ಕೆ ಬಂದವರ ಎಲೆ ಖಾಲಿ ಕಾಣಬಾರದು. ಸಾಕು ಅಂದ್ರೂ ಇನ್ನೊಂದು ಸೌಟು ಬಡಿಸೋದೇ ಪ್ರೀತಿ. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಎರಚದೆ ಬರ್ತಾರಾ? ಶಿಶಿಲದಲ್ಲೂ ಅಷ್ಟೇ. ದೇವರ ಮೀನು, ಹಾಕಿದ್ರೆ ಪುಣ್ಯ. ಅಲ್ಲಿ ಕೆಳಗೆ ಹೊಳೆ ಹರೀತಿದೆ. ನೀವು ಎರಚಿದ್ದನ್ನೂ ಮೀನು ವಿಸರ್ಜಿಸಿದ್ದನ್ನೂ ಹೊಳೆ ಹೊತ್ಕೊಂಡು ಹೋಗುತ್ತೆ, ಮಳೆಗಾಲದಲ್ಲಿ ತೊಳೆದೇ ಬಿಡುತ್ತೆ. ನಿಮ್ಮ ಮನೆಯ ಟಿವಿ ಪಕ್ಕದ ಡಬ್ಬದಲ್ಲಿ ತುಂಗೆ ಹರಿಯಲ್ಲ.

'ಪಾಪ, ನನ್ನನ್ನ ನೋಡಿದ ಕೂಡ್ಲೇ ಗಾಜಿನ ಹತ್ರ ಬಂದು ಬಾಲ ಆಡಿಸುತ್ತೆ ರೀ' ಅಂತಾರೆ. ನೀವು ಬಂದ್ರೆ ಊಟ ಬರುತ್ತೆ ಅಂತ ಅದು ಕಲಿತಿದೆ. ಹೊಟ್ಟೆ ತುಂಬಿದ್ರೂ ಬರುತ್ತೆ. ಹೊಲಕ್ಕೆ ಬಿದ್ದ ಹಸುವೂ ಹೊಟ್ಟೆ ತುಂಬಿತು ಅಂತ ನಿಲ್ಲಲ್ಲ, ಉಬ್ಬರ ಬಂದು ಬೀಳುತ್ತೆ. ಮೀನು ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳೋಕೆ ಊಟ ಸುಡಬೇಕಾಗಿಲ್ಲ, ನೀರಿನ ಬಿಸಿಯೇ ಅದರ ಮೈಬಿಸಿ. ಅದಕ್ಕೇ ಅದರ ಅಗತ್ಯ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಮ್ಮಿ.

ಕಮ್ಮಿ ಅಂದ ತಕ್ಷಣ ಎಲ್ಲ ಮೀನಿಗೂ ಒಂದೇ ಲೆಕ್ಕ ಅಂತಲ್ಲ. ಜೋಡಿ ಕ್ಲೌನ್ ಮೀನಿಗೆ ದಿನಕ್ಕೊಂದು ಹೊತ್ತು, ಹೆಚ್ಚೆಂದರೆ ಎರಡು ಹೊತ್ತು, ಒಂದೊಂದು ಚಿಟಿಕೆ ಸಾಕು. ಟ್ಯಾಂಗ್ ಸ್ವಭಾವತಃ ದಿನವಿಡೀ ಮೇಯೋ ಮೀನು, ದನದ ಹಾಗೇ. ಅದಕ್ಕೆ ಸೀಗಡಿ ತುರುಕೋ ಬದಲು ಒಂದು ತುಂಡು ನೋರಿ, ಅಂದ್ರೆ ಒಣಗಿಸಿದ ಕಡಲಪಾಚಿ ಹಾಳೆ, ಗಾಜಿಗೆ ಕ್ಲಿಪ್ ಹಾಕಿ ಸಿಕ್ಕಿಸಿ. ಆಂಥಿಯಾಸ್ ಜಾತಿಗೆ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಬೇಕು, ಅಷ್ಟು ಹಾಕಿ ಅಷ್ಟೂ ತೆಗೆಯೋ ವ್ಯವಸ್ಥೆ ಇಲ್ಲದವರು ಅದನ್ನ ತರಲೇಬಾರದು. ಮ್ಯಾಂಡರಿನ್ ಅನ್ನೋ ಚಂದದ ಮೀನು ಕಲ್ಲಿನ ಸಂದಿಯ ಜೀವಂತ ಸಣ್ಣ ಹುಳ ಹೆಕ್ಕಿ ತಿಂತಾ ಬದುಕೋದು. ಹೊಸ ಟ್ಯಾಂಕಿಗೆ ತಂದ್ರೆ ನಿಮ್ಮ ಪೆಲೆಟ್ಟುಗಳ ನಡುವೆಯೇ ಒಣಗಿ ಸಾಯುತ್ತೆ, ಇತ್ತ ತಿನ್ನದೆ ಉಳಿದ ಪೆಲೆಟ್ಟು ಪಾಚಿಗೆ. ಯಾವ ಮೀನು ಏನು ತಿನ್ನುತ್ತೆ ಅಂತ ಕೇಳದೆ ಬಣ್ಣ ನೋಡಿ ಕೊಳ್ಳೋದೇ ಅರ್ಧ ಪಾಚಿಗೆ ಮೂಲ.

ಈಗ ಎದುರು ಪಕ್ಷದವರಿಗೂ ನಾಲ್ಕು ಮಾತು. ಇತ್ತೀಚೆಗೆ ಒಂದು ಹೊಸ ಪಂಗಡ ಹುಟ್ಟಿದೆ. ಪಾಚಿ ಬಾರದಿರಲಿ ಅಂತ ಮೀನನ್ನ ಒಣಗಿಸೋರು, ಫಾಸ್ಫೇಟ್ ಹೀರೋ ಕಬ್ಬಿಣದ ಹರಳು ಸುರಿದು ಎಲ್ಲಾನೂ ಸೊನ್ನೆಗೆ ಇಳಿಸೋರು. ಇವರ ಟ್ಯಾಂಕು ಫೋಟೋದಲ್ಲಿ ಚೆನ್ನಾಗಿರುತ್ತೆ. ಮೀನಿನ ಬೆನ್ನು ನೋಡಿ, ಕತ್ತಿ ಅಲುಗಿನ ಹಾಗೆ ತೆಳ್ಳಗಾಗಿರುತ್ತೆ. ಅದೂ ಅಲ್ಲದೆ, ನೈಟ್ರೇಟು, ಫಾಸ್ಫೇಟು ಎರಡೂ ಪೂರ್ತಿ ಸೊನ್ನೆಯಾದ ಟ್ಯಾಂಕುಗಳಲ್ಲೇ ಡೈನೋಫ್ಲಾಜೆಲೇಟ್ ಅನ್ನೋ ಲೋಳೆ ಮುಗಿಬೀಳೋದು ಹೆಚ್ಚು. ಗಾಳಿಗುಳ್ಳೆ ಕಟ್ಟಿಕೊಂಡ ಕಂದು ಸಿಂಬಳದ ಹಾಗೆ ಇರುತ್ತೆ. ಅದರ ಕೆಲವು ಜಾತಿ ತಿಂದ ಬಸವನಹುಳು ಸಾಯುತ್ತೆ. ಹಸಿರು ಪಾಚಿಯೇ ವಾಸಿಯಿತ್ತು ಅನ್ನಿಸಿಬಿಡುತ್ತೆ. ಗದ್ದೆಗೆ ಗೊಬ್ಬರ ಹೆಚ್ಚಾಯ್ತು ಅಂತ ಮಣ್ಣನ್ನೇ ಹೊತ್ತು ಹಾಕೋ ಬುದ್ಧಿವಂತಿಕೆ ಇದು. ಹೊಸ ಟ್ಯಾಂಕಿಗೆ ಮೊದಲ ಕೆಲವು ವಾರ ಕಂದು ಧೂಳು ಬರೋದು ಸಹಜ, ಬಂದು ಹೋಗುತ್ತೆ. ಕಲ್ಲಿನ ಮೇಲೆ ಗುಲಾಬಿ ಬಣ್ಣದ ಗಟ್ಟಿ ಪದರ ಬಂದ್ರೆ ಅದೂ ಪಾಚಿಯೇ, ಅದು ಬಂದ್ರೆ ಖುಷಿ ಪಡಿ. ಪಾಚಿಯೇ ಇಲ್ಲದ ಸಮುದ್ರ ಎಲ್ಲೂ ಇಲ್ಲ.

ಹಾಗಾದ್ರೆ ತಿಪ್ಪೆ ಎಲ್ಲಿ ಮಾಡೋದು? ನಾಲ್ಕೈದು ದಾರಿ ಇವೆ, ಯಾವುದೂ ಹೊಸದಲ್ಲ. ಪ್ರೋಟೀನ್ ಸ್ಕಿಮ್ಮರ್ ಅನ್ನೋ ಕೊಳವೆ ಸಣ್ಣ ಗುಳ್ಳೆ ಎಬ್ಬಿಸಿ ಕೊಳೆಯನ್ನ ನೊರೆ ಮಾಡಿ ಮೇಲಿನ ಬಟ್ಟಲಿಗೆ ತಳ್ಳುತ್ತೆ. ಉಪ್ಪುನೀರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಆ ಬಟ್ಟಲಲ್ಲಿ ನಿಲ್ಲೋ ಕಪ್ಪು ನೀರಿನ ವಾಸನೆ ನೋಡಿದ್ರೆ ಗೊತ್ತಾಗುತ್ತೆ ಅದು ಏನು ಅಂತ. ಬಟ್ಟಲು ತೊಳೆಯೋಕೆ ಅಸಹ್ಯ ಪಡೋರು ಬಹಳ, ತೊಳೆಯದಿದ್ರೆ ಸ್ಕಿಮ್ಮರ್ ನೊರೆ ಎತ್ತೋದು ನಿಲ್ಲಿಸುತ್ತೆ. ಫಿಲ್ಟರಿನ ಸ್ಪಂಜು, ಬಟ್ಟೆ ಎರಡು ಮೂರು ದಿನಕ್ಕೊಮ್ಮೆ ತೆಗೆದು ತೊಳೀಬೇಕು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಪಾಚಿಯನ್ನೇ ಬೆಳೆಸೋದು. ಹೌದು, ಬೆಳೆಸೋದೇ. ಟ್ಯಾಂಕಿನ ಕೆಳಗಿನ ಪೆಟ್ಟಿಗೆಯಲ್ಲಿ ಬೇರೆ ಲೈಟ್ ಹಾಕಿ ಕೀಟೊಮಾರ್ಫ ಅನ್ನೋ ಸಿಕ್ಕುಗಟ್ಟಿದ ನೂಲಿನಂಥ ಪಾಚಿ ಬಿಡಿ. ಮೇಲಿನ ಗೊಬ್ಬರ ತಿಂದು ಅದು ಬೆಳೆಯುತ್ತೆ. ತಿಂಗಳಿಗೊಮ್ಮೆ ಅರ್ಧ ಕಿತ್ತು ಹೊರಗೆ ಹಾಕಿ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ (ಕನ್ನಡದಲ್ಲಿ ಬರೆದ್ರೆ ಹಂಗಾಗುತ್ತೆ, ಏನ್ ಮಾಡೋದು) ಜಾಲರಿ ಮೇಲೆ ಪಾಚಿ ಬೆಳೆಸಿ ಕೆರೆದು ತೆಗೆಯೋ ಯಂತ್ರಕ್ಕೆ 1982ರಲ್ಲೇ ಪೇಟೆಂಟ್ ಪಡೆದಿದ್ರು. ಅಂಗಡಿಗಳು ಇನ್ನೂ ನೀಲಿ ಬಾಟ್ಲಿ ಮಾರ್ತಾ ಕೂತಿವೆ, ಯಾಕಂದ್ರೆ ಬಾಟ್ಲಿ ಖಾಲಿಯಾಗುತ್ತೆ, ಜಾಲರಿ ಖಾಲಿಯಾಗಲ್ಲ.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ, ಇಲ್ಲದಿದ್ರೆ ಹದಿನೈದು ದಿನ ಬಿಟ್ಟು ನನ್ನನ್ನ ಬಯ್ತೀರಿ. ಇವತ್ತು ಊಟ ಕಮ್ಮಿ ಮಾಡಿದ್ರೆ ನಾಳೆ ಪಾಚಿ ಹೋಗಲ್ಲ. ಟ್ಯಾಂಕಿನ ಕಲ್ಲು, ಮರಳು ಎಲ್ಲ ಸುಣ್ಣದಂಶದ್ದು, ಅದು ಫಾಸ್ಫೇಟನ್ನ ಹಿಡಿದಿಟ್ಟುಕೊಂಡಿರುತ್ತೆ. ನೀರಲ್ಲಿ ಕಮ್ಮಿಯಾದಂತೆ ಕಲ್ಲಿನಿಂದ ಬಿಡ್ತಾ ಹೋಗುತ್ತೆ. ಹಳೇ ಸಾಲ ತೀರೋಕೆ ತಿಂಗಳುಗಳೇ ಬೇಕು. ಅಲ್ಲಿವರೆಗೆ ಕೈಯಿಂದ ಕೀಳಬೇಕು. ಕಲ್ಲನ್ನ ಬಕೆಟ್ಟಿಗೆ ತೆಗೆದು ಹಲ್ಲುಜ್ಜೋ ಬ್ರಷ್ಷಿನಿಂದ ಉಜ್ಜಿ, ಟ್ಯಾಂಕಿನ ನೀರಲ್ಲೇ ಜಾಲಿಸಿ ವಾಪಸ್ ಇಡಿ. ಆವಿಯಾದ ನೀರಿಗೆ ಬದಲು ಬೋರ್‌ವೆಲ್ ನೀರು ಸುರೀಬೇಡಿ. ಉಪ್ಪು ಆವಿಯಾಗಲ್ಲ, ಅದಕ್ಕೆ ಉಪ್ಪಿಲ್ಲದ ಆರ್‌ಒ ನೀರೇ ಹಾಕಬೇಕು. ಬೋರ್‌ವೆಲ್ಲಿನಲ್ಲಿ ಬಂದ ನೈಟ್ರೇಟ್ ಅಲ್ಲೇ ಕೂಡ್ತಾ ಹೋಗುತ್ತೆ. 30 ಲೀಟರ್ ಬದಲಾಯಿಸೋಕೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಅಕ್ವೇರಿಯಂ ಉಪ್ಪು ಬೇಕು, ಅದು ಅಡುಗೆ ಉಪ್ಪಿನ ಬೆಲೆಗೆ ಸಿಗಲ್ಲ. ಕೆಲಸ ಇದೆ, ಖರ್ಚಿದೆ. ಇಷ್ಟು ಆಗಲ್ಲ ಅನ್ನೋರು ಇಡಬೇಡಿ, ಅಷ್ಟೇ. ಗೋಡೆಗೆ ಟಿವಿ ಹಾಕಿ ಅದರಲ್ಲಿ ಸಮುದ್ರ ನೋಡಿ, ಪಾಚಿ ಬರಲ್ಲ.

ಇಷ್ಟು ಖಾರವಾಗಿ ಯಾಕೆ ಹೇಳ್ತೀನಿ ಅಂದ್ರೆ, ಈ ಮೀನುಗಳು ಆಕಾಶದಿಂದ ಬಿದ್ದದ್ದಲ್ಲ. ಸಿಹಿನೀರಿನ ಗಪ್ಪಿ, ಗೋಲ್ಡ್‌ಫಿಶ್ ಎಲ್ಲ ಸಾಕಣೆ ಕೇಂದ್ರದಲ್ಲಿ ಹುಟ್ಟಿ ಬರ್ತವೆ. ಉಪ್ಪುನೀರಿನ ಬಣ್ಣದ ಮೀನುಗಳಲ್ಲಿ ಹೆಚ್ಚಿನ ಜಾತಿಗಳನ್ನ ಇವತ್ತಿಗೂ ಹವಳದ ದಿಬ್ಬದಿಂದ ಹಿಡಿದೇ ತರೋದು. ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಸಯನೈಡ್ ಚಿಮುಕಿಸಿ ಮೀನಿಗೆ ಮತ್ತು ಬರಿಸಿ ಹಿಡಿಯೋದು ದಶಕಗಳಿಂದ ನಡೆದು ಬಂದಿದೆ, ಕಾನೂನು ಬೇಡ ಅಂದ್ರೂ. ಮೀನು ಎದ್ದು ನಮ್ಮ ಊರಿಗೆ ಬರುತ್ತೆ, ಅಲ್ಲಿನ ಹವಳ ಏಳಲ್ಲ. ನಮ್ಮ ದೇಶದಲ್ಲಿ ಹವಳವನ್ನೂ ಕಡಲ್ಗುದುರೆಯನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿಸಿದ್ದಾರೆ, ಹುಲಿ ಇರೋ ಪಟ್ಟಿ ಅದು. ಕ್ಲೌನ್ ಮೀನನ್ನ ಮಾತ್ರ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿ ಮಾಡಿಸೋ ವಿಧಾನ ಕಂಡುಕೊಂಡಿದ್ದಾರೆ. ಕೊಳ್ಳೋದಾದ್ರೆ ಅಂಥ ಮರಿ ಕೇಳಿ ಕೊಳ್ಳಿ. ಚೆನ್ನಾಗಿ ನೋಡಿಕೊಂಡ್ರೆ ಕ್ಲೌನ್ ಮೀನು 20 ವರ್ಷ ಬದುಕಿದ ಉದಾಹರಣೆ ಇದೆ. ನಮ್ಮ ಊರಿನ ಹಸು ಬದುಕೋವಷ್ಟು ಕಾಲ! ನಿಮ್ಮ ಹಿಂದಿನದು ಎಷ್ಟು ತಿಂಗಳು ಬದುಕಿತ್ತು?

ಎಲ್ಲಕ್ಕಿಂತ ಕೆಟ್ಟದ್ದು ಆಫೀಸಿನ ರಿಸೆಪ್ಷನ್ ಟ್ಯಾಂಕು. ನಾನು ಕೆಲಸ ಮಾಡಿದ ಒಂದು ಕಡೆ ಇತ್ತು, ಯಾವುದು ಅಂತ ಬೇಡ. ಮೀನಿಗೆ ಊಟ ಹಾಕೋದು ವಾರ್ಷಿಕ ಗುತ್ತಿಗೆಯ ಹುಡುಗನ ಕೆಲಸ. ಅವನು ವಾರಕ್ಕೆ ಮೂರು ದಿನ ಬರ್ತಿದ್ದ. ಬಾರದ ದಿನ ಸೆಕ್ಯೂರಿಟಿಯವರು ಪಾಪ ಅಂತ ಒಂದು ಹಿಡಿ, ಕಾಯ್ತಾ ಕೂತ ಅತಿಥಿಗಳ ಮಕ್ಕಳು ಬಿಸ್ಕತ್ ಚೂರು. ಶುಕ್ರವಾರ ಸಂಜೆ ಶನಿವಾರ ಭಾನುವಾರದ್ದೂ ಸೇರಿಸಿ ಮೂರು ದಿನದ ಊಟ ಒಟ್ಟಿಗೆ. ಸೋಮವಾರ ಬೆಳಿಗ್ಗೆ ನೀರು ಮಬ್ಬು, ಒಂದು ಮೀನು ಕಮ್ಮಿ. ಮಧ್ಯಾಹ್ನದ ಹೊತ್ತಿಗೆ ಅದೇ ಬಣ್ಣದ ಇನ್ನೊಂದು ಮೀನು. ಗುತ್ತಿಗೆಯಲ್ಲೇ ಅದು ಸೇರಿದೆಯಂತೆ, ಸತ್ತರೆ ಬದಲಿ ಉಚಿತ. ಟೋನರ್ ಮುಗಿದ್ರೆ ಟೋನರ್ ಹಾಕೋ ಹಾಗೆ. ಗೋಡೆ ಮೇಲೆ ಪರಿಸರ ಕಾಳಜಿಯ ಸರ್ಟಿಫಿಕೇಟ್ ಬೇರೆ ತೂಗುಹಾಕಿದ್ರು.

ಆ ಹುಡುಗನನ್ನ ಒಂದು ದಿನ ಕೇಳಿದೆ. 'ಯಾಕಪ್ಪಾ, ಶುಕ್ರವಾರ ಅಷ್ಟೊಂದು ಸುರೀತೀಯ?' 'ಅಣ್ಣಾ, ಎರಡು ದಿನ ಉಪವಾಸ ಇದ್ರೆ ಸಾಯಲ್ವಾ?' ಅಂದ. ಯಾರೂ ಅವನಿಗೆ ಹೇಳಿರಲಿಲ್ಲ. ಮೈಕೈ ತುಂಬಿಕೊಂಡ, ಬೆಳೆದ ಮೀನು ಎರಡು ಮೂರು ದಿನ ಊಟ ಇಲ್ಲದೆ ಆರಾಮಾಗಿ ಇರುತ್ತೆ. ಮರಿಗಳಿಗೆ, ಆಂಥಿಯಾಸ್‌ನಂಥವಕ್ಕೆ ಈ ಮಾತು ಹೊಂದಲ್ಲ, ಅವನ್ನ ಬಿಟ್ಟು ಊರಿಗೆ ಹೋಗೋದಾದ್ರೆ ಊಟ ಹಾಕೋಕೆ ಒಬ್ಬರು ಬೇಕೇ ಬೇಕು. ಬೇಕಾದವರಿಗೆ ಒಂದೊಂದು ದಿನದ ಊಟವನ್ನ ತೂಗಿ, ಬೇರೆ ಬೇರೆ ಚೀಟಿಯಲ್ಲಿ ಕಟ್ಟಿ, ಮೇಲೆ ವಾರ ಬರೆದು ಕೊಡಿ, ಡಬ್ಬಿಯನ್ನ ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ. ಉಳಿದವರು ದಸರಾ ರಜೆಗೆ ಊರಿಗೆ ಹೋಗೋ ಮುಂಚೆ ಸ್ಕಿಮ್ಮರ್ ಬಟ್ಟಲು ತೊಳೆದು, ಟ್ಯಾಂಗ್ ಇದ್ರೆ ಒಂದು ಹಾಳೆ ನೋರಿ ಸಿಕ್ಕಿಸಿ, ಲೈಟನ್ನ ಟೈಮರಿಗೆ ಹಾಕಿ, ಬಾಗಿಲು ಎಳ್ಕೊಂಡು ಹೊರಡಿ.